ಪೂಲ್ ಹಸಿರಾಗಿದೆ: ಏನು ಮಾಡೋಣ, ಎಲ್ಲರೂ ಹೇಳಿ

ಎ 302: ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿನ ಪೂಲ್ ನೀರು ಮತ್ತೆ ಹಸಿರಾಗಿದೆ. ಬೆಳಿಗ್ಗೆ ಹೋಗಿ ನೋಡಿದೆ, ಏಣಿಯ ಕೆಳಗಿನ ಮೆಟ್ಟಿಲು ಕಾಣುತ್ತಿಲ್ಲ. ಹೋದ ವಾರ ಮಗಳು ಈಜಿ ಬಂದಾಗ ಕಣ್ಣು ಕೆಂಪಾಗಿ ಉರಿಯುತ್ತಿತ್ತು. ಪೂಲ್ ನೋಡಿಕೊಳ್ಳುವವರನ್ನು ಕೇಳಿದರೆ "ಕ್ಲೋರಿನ್ ಸರಿಯಾಗಿದೆ ಮೇಡಂ" ಎಂದು ಹಳದಿ ಬಣ್ಣ ಬಂದ ಪರೀಕ್ಷೆಯ ಟ್ಯೂಬ್ ತೋರಿಸುತ್ತಾರೆ. ಸರಿಯಾಗಿದ್ದರೆ ಹಸಿರು ಯಾಕೆ? ಮಕ್ಕಳಿಗೆ ರಜೆ ಶುರುವಾಗಿದೆ, ದಯವಿಟ್ಟು ಬೇಗ ಏನಾದರೂ ಮಾಡೋಣ.

ಸಿ 104: ಔಷಧಿ ಸುರಿದು ಸುರಿದು ಸಾಕಾಗಿದೆ. ಪೂರ್ತಿ ಖಾಲಿ ಮಾಡಿಸಿ, ಉಜ್ಜಿ ತೊಳೆದು, ಟ್ಯಾಂಕರ್ ನೀರು ತುಂಬಿಸಿಬಿಡೋಣ.

ಡಿ 401: ಪಾಚಿಗೆ ಮೈಲುತುತ್ತ ಹಾಕಿದರೆ ಆಯಿತಲ್ಲ? ನಮ್ಮ ಕಡೆ ಅಡಕೆಗೆ ಹೊಡೆಯುವುದೂ ಅದನ್ನೇ. ಊರಿಂದ ತರಿಸಲಾ?

ಬಿ 207: ನನ್ನ ಕೆಲಸವೇ ನೀರು ಶುದ್ಧೀಕರಣದ್ದು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಮೊದಲು ಒಂದು ಮಾತು. ತಳ ಕಾಣದ ನೀರಿಗೆ ಯಾರೂ ಇಳಿಯಬಾರದು. ಒಂದು ಮಗು ಮುಳುಗಿದರೂ ಮೇಲೆ ನಿಂತವರಿಗೆ ಗೊತ್ತಾಗುವುದಿಲ್ಲ. ಈಗಲೇ ಗೇಟಿಗೆ ಬೀಗ ಹಾಕಿಸಿ.

ಹಳದಿ ಟ್ಯೂಬ್ ಸುಳ್ಳು ಹೇಳುತ್ತಿಲ್ಲ, ಆದರೆ ಅರ್ಧ ಮಾತ್ರ ಹೇಳುತ್ತದೆ. ಅದು ಕೆಲಸ ಮಾಡುವ ಕ್ಲೋರಿನ್, ಬೆವರು ಮೂತ್ರದ ಜೊತೆ ಸೇರಿ ಸೋತುಹೋದ ಕ್ಲೋರಿನ್ ಎರಡನ್ನೂ ಸೇರಿಸಿ ಲೆಕ್ಕ ಕೊಡುತ್ತದೆ. ಆ ಸೋತ ಕ್ಲೋರಿನ್‌ನಿಂದಲೇ ಮೂಗಿಗೆ ಹೊಡೆಯುವ ವಾಸನೆ, ಕಣ್ಣುರಿ. ಬೇಕಾಗಿರುವುದು ಕೆಲಸದ ಕ್ಲೋರಿನ್ ಅನ್ನು ಬೇರೆಯಾಗಿ ತೋರಿಸುವ, ಗುಲಾಬಿ ಬಣ್ಣ ಬರುವ ಡಿಪಿಡಿ ಪರೀಕ್ಷೆ. ನಿನ್ನೆ ಸಂಜೆ ನನ್ನ ಕಿಟ್‌ನಲ್ಲಿ ನೋಡಿದೆ: ಕೆಲಸದ ಕ್ಲೋರಿನ್ 1 ಪಿಪಿಎಂ (ಅಂದರೆ ಲೀಟರಿಗೆ 1 ಮಿಲಿಗ್ರಾಂ), ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.

1 ಇದ್ದೂ ಪಾಚಿ ಬೆಳೆಯಿತು, ಯಾಕೆ? ಕಾರಣ ನಾವು ತೇಲಿಬಿಡುವ ಮಾತ್ರೆ. ಡಬ್ಬಿಯ ಮೇಲೆ ಟಿಸಿಸಿಎ 90 ಎಂದಿದೆ. ಅದರಲ್ಲಿ ಕ್ಲೋರಿನ್ ಜೊತೆ ಸಯನ್ಯೂರಿಕ್ ಆಸಿಡ್ ಅನ್ನುವ ಸ್ಟೆಬಿಲೈಸರ್ ಕೂಡ ಇರುತ್ತದೆ. ಬಿಸಿಲಿಗೆ ಕ್ಲೋರಿನ್ ಹಾಳಾಗದಂತೆ ಅದು ಕಾಯುತ್ತದೆ, 30ರಿಂದ 50 ಪಿಪಿಎಂ ಇದ್ದರೆ ಒಳ್ಳೆಯದೇ. ಆದರೆ ಮಾತ್ರೆಯಿಂದ 10 ಪಿಪಿಎಂ ಕ್ಲೋರಿನ್ ಸೇರಿದಾಗಲೆಲ್ಲ 6 ಪಿಪಿಎಂ ಸ್ಟೆಬಿಲೈಸರೂ ಸೇರುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಇದು ಅಲ್ಲೇ ಕೂರುತ್ತದೆ. ನೀರು ಆವಿಯಾದರೂ ಹೋಗುವುದಿಲ್ಲ. ಜಾಸ್ತಿಯಾದಾಗ ಕ್ಲೋರಿನ್ ಅನ್ನೇ ಕಟ್ಟಿಹಾಕುತ್ತದೆ.

ಇದರ ಪರೀಕ್ಷೆ ಹೀಗೆ. ಪೂಲ್ ನೀರಿಗೆ ಪರೀಕ್ಷೆಯ ಪುಡಿ ಬೆರೆಸಿದರೆ ಹಾಲಿನಂತೆ ಕದಡುತ್ತದೆ. ತಳದಲ್ಲಿ ಕಪ್ಪು ಚುಕ್ಕೆ ಇರುವ ಟ್ಯೂಬಿಗೆ ಅದನ್ನು ನಿಧಾನಕ್ಕೆ ಸುರಿಯಬೇಕು. ಚುಕ್ಕೆ ಮರೆಯಾದ ಕಡೆ ಗೆರೆ ಓದಬೇಕು. ನಮ್ಮದರಲ್ಲಿ ತೀರಾ ಕೆಳಗಿನ 100ರ ಗೆರೆಗೇ ಚುಕ್ಕೆ ಮಾಯ. ಪೂಲ್ ನೀರಿಗೆ ಅಷ್ಟೇ ಒಳ್ಳೆ ನೀರು ಬೆರೆಸಿ ಮತ್ತೆ ನೋಡಿದೆ, 50 ಬಂತು. ಅಂದರೆ 100 ಸರಿ.

ಸಿ 104 ಸರ್, ನೀರು ಬದಲಿಸಬೇಕು ಅನ್ನುವುದು ನಿಜ. ಸ್ಟೆಬಿಲೈಸರ್ ಇಳಿಸಲು ನಮ್ಮ ಕೈಲಿ ಬೇರೆ ಸುಲಭದ ದಾರಿ ಇಲ್ಲ. ಆದರೆ ಪೂರ್ತಿ ಬೇಡ, ಅರ್ಧ ಸಾಕು. ನಮ್ಮ ಪೂಲ್ 12 ಮೀಟರ್ ಉದ್ದ, 6 ಅಗಲ, ಸರಾಸರಿ ಆಳ 1.2. ಒಟ್ಟು 86,400 ಲೀಟರ್. 2024ರ ಬೇಸಿಗೆಯ ನೀರಿನ ಬರ ಯಾರೂ ಮರೆತಿಲ್ಲ ಅಲ್ವಾ? ಕುಡಿಯುವ ನೀರನ್ನು ಈಜುಕೊಳಕ್ಕೆ ಬಳಸಬಾರದೆಂದು ಬೆಂಗಳೂರು ಜಲಮಂಡಳಿ ಆದೇಶ ಮಾಡಿತ್ತು. ಅಷ್ಟು ನೀರನ್ನು ಮೋರಿಗೆ ಬಿಡಲು ನನಗಂತೂ ಮನಸ್ಸು ಬರುವುದಿಲ್ಲ. ತೆಗೆಯುವ ಅರ್ಧವನ್ನು ಫ್ಲಶ್ ಟ್ಯಾಂಕಿಗೆ ಏರಿಸೋಣ, ಪಾರ್ಕಿಂಗ್ ತೊಳೆಯೋಣ. ನಿಧಾನ ಆಗಲಿ. ಗಿಡಗಳಿಗೆ ಬೇಡ.

ಡಿ 401 ಅಂಕಲ್, ಮೈಲುತುತ್ತ ಪಾಚಿ ಕೊಲ್ಲುತ್ತದೆ, ಸರಿ. ಆದರೆ ತಾಮ್ರ ಗೋಡೆಗೆ ಕಲೆ ಕಟ್ಟುತ್ತದೆ, ನೆರೆತ ಕೂದಲಿಗೂ ಹಸಿರು ಹತ್ತಬಹುದು. ಕ್ಲೋರಿನ್ ಮಾಡುವ ಕೆಲಸವನ್ನು ಅದು ಮಾಡುವುದಿಲ್ಲ. ಬೇಡ.

ಎ 302: ಅರ್ಧ ನೀರು ಬದಲಾದ ಮೇಲೆ?

ಬಿ 207: ಆಗ ಸ್ಟೆಬಿಲೈಸರ್ 50ಕ್ಕೆ ಇಳಿಯುತ್ತದೆ. ಪಿಎಚ್ 7.2ರ ಹತ್ತಿರ ಇಟ್ಟುಕೊಂಡು, ಸೂರ್ಯ ಮುಳುಗಿದ ಮೇಲೆ ಕ್ಲೋರಿನ್ 20 ಪಿಪಿಎಂಗೆ ಏರಿಸಬೇಕು. 65 ಪರ್ಸೆಂಟ್‌ನ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ ಸುಮಾರು 2.7 ಕೆಜಿ. ಬಕೆಟ್‌ನಲ್ಲಿ ಮೊದಲು ನೀರು, ಆಮೇಲೆ ಪುಡಿ. ಪುಡಿಯ ಮೇಲೆ ನೀರು ಸುರಿಯಲೇಬಾರದು. ಗೋಡೆ, ಏಣಿಯ ಹಿಂಭಾಗ, ದೀಪದ ಸಂದು ಎಲ್ಲ ಬ್ರಷ್‌ನಿಂದ ಉಜ್ಜಬೇಕು. ಪಂಪ್ ಹಗಲು ರಾತ್ರಿ ಓಡಲಿ.

ಹಸಿರು ಹೋಗಿ ನೀರು ಬೂದಿ ಬಣ್ಣಕ್ಕೆ ತಿರುಗುತ್ತದೆ. ಗಾಬರಿ ಬೇಡ, ಅದು ಸತ್ತ ಪಾಚಿ. ಫಿಲ್ಟರ್ ಹಿಡಿಯುತ್ತದೆ. ಫಿಲ್ಟರಿನ ಒತ್ತಡ ತೋರಿಸುವ ಮೀಟರ್‌ನ ಮುಳ್ಳು ಮಾಮೂಲಿಗಿಂತ 8–10 ಪಿಎಸ್‌ಐ ಏರಿದಾಗ ಬ್ಯಾಕ್‌ವಾಶ್ ಮಾಡಿಸಬೇಕು, ಅಂದರೆ ನೀರನ್ನು ಉಲ್ಟಾ ಹರಿಸಿ ಫಿಲ್ಟರ್ ತೊಳೆಸಬೇಕು. ರಾತ್ರಿ ಅಳೆದ ಕ್ಲೋರಿನ್ ಬೆಳಿಗ್ಗೆ ಬಿಸಿಲು ಬೀಳುವ ಮೊದಲು 1ಕ್ಕಿಂತ ಜಾಸ್ತಿ ಇಳಿದಿದ್ದರೆ ಪಾಚಿ ಇನ್ನೂ ಇದೆ ಎಂದರ್ಥ. ನೀರು ತಿಳಿಯಾಗಿ, ಕ್ಲೋರಿನ್ 4ರ ಕೆಳಗೆ ಬಂದ ಮೇಲೆ ಮಕ್ಕಳನ್ನು ಬಿಡೋಣ.

ಎ 110: ಪಂಪ್ ರೂಮಿನಲ್ಲಿ ಮಾತ್ರೆ ಡಬ್ಬ, ಪುಡಿ ಡಬ್ಬ, ಆಸಿಡ್ ಕ್ಯಾನ್ ಎಲ್ಲ ಒಟ್ಟಿಗೇ ಇವೆ. ಪರವಾಗಿಲ್ಲವೇ?

ಬಿ 207: ಖಂಡಿತ ಇಲ್ಲ ಮೇಡಂ, ಒಳ್ಳೆಯದಾಯಿತು ಹೇಳಿದ್ದು. ಟಿಸಿಸಿಎ ಮತ್ತು ಹೈಪೋಕ್ಲೋರೈಟ್ ಎರಡೂ ಬೆಳ್ಳಗೆ, ಎರಡೂ ಕ್ಲೋರಿನ್. ಆದರೆ ಬೆರೆತರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಒಂದೇ ಸೌಟನ್ನು ಎರಡಕ್ಕೂ ಬಳಸಬಾರದು. ಆಸಿಡ್ ತಾಗಿದರೆ ವಿಷದ ಕ್ಲೋರಿನ್ ಗ್ಯಾಸ್ ಬರುತ್ತದೆ. ಇವತ್ತೇ ಬೇರೆ ಬೇರೆ ಕಡೆ ಇಡಿಸಿ. ಪಾಪ, ಪೂಲ್ ನೋಡಿಕೊಳ್ಳುವ ಹುಡುಗ ಕೈಗವಸು ಕೂಡ ಇಲ್ಲದೆ ಕೆಲಸ ಮಾಡುತ್ತಿದ್ದಾನೆ. ಅವನಿಗೆ ಗವಸು, ಕನ್ನಡಕ ಕೊಡಿಸುವುದು ನಮ್ಮ ಜವಾಬ್ದಾರಿ.

ಸಿ 104: ಸರಿ, ಅರ್ಧಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಮುಂದಿನ ತಿಂಗಳು ಮತ್ತೆ ಇದೇ ಕಥೆ ಆಗಬಾರದು.

ಬಿ 207: ಅದಕ್ಕೇ ಪೂಲ್ ನೋಡಿಕೊಳ್ಳುವವರ ಗುತ್ತಿಗೆ ಪತ್ರದಲ್ಲಿ ಬರೆಸೋಣ. ದಿನಾ ಬೆಳಿಗ್ಗೆ ಸಂಜೆ ಡಿಪಿಡಿ ಮತ್ತು ಪಿಎಚ್, ತಿಂಗಳಿಗೊಮ್ಮೆ ಸ್ಟೆಬಿಲೈಸರ್. ಅಂಕಿಗಳು ಗೇಟಿನ ಬೋರ್ಡಿನಲ್ಲಿ ಇರಬೇಕು. ಮಾತ್ರೆ ನಿಲ್ಲಿಸಿ ಲಿಕ್ವಿಡ್ ಕ್ಲೋರಿನ್ ಬಳಸಲಿ. ನಮ್ಮ ಕಡೆಯಿಂದ ಒಂದೇ ಒಂದು: ಮಕ್ಕಳು ದೊಡ್ಡವರು ಎಲ್ಲರೂ ಮೈ ತೊಳೆದುಕೊಂಡೇ ಇಳಿಯಬೇಕು.

ಎ 302: ಬೋರ್ಡ್ ನಾನು ಬರೆಸುತ್ತೇನೆ. ಬೀಗ ಹಾಕಿಸಿ ಆಯಿತು, ಕೀ ಸೆಕ್ಯುರಿಟಿ ಹತ್ತಿರ ಇದೆ.

ಡಿ 401: ಶನಿವಾರ ಬ್ರಷ್ ಹಿಡಿಯಲು ನಾನೂ ಬರುತ್ತೇನೆ. ಫ್ಲಶ್ ಟ್ಯಾಂಕಿನ ವಾಲ್ವ್ ಯಾವುದು ಅಂತ ಪ್ಲಂಬರ್‌ಗೆ ಮೊದಲೇ ತೋರಿಸಿಡಿ, ಒಳ್ಳೆ ನೀರಿನ ಸಂಪ್‌ಗೆ ಬಿಟ್ಟುಬಿಟ್ಟಾನು.