ಅಜ್ಜಿಯ ಕೊಕ್ಕೆತಾತಿ ಮಂಕಾಯಿತು: ಆ ಕೆಂಪು ಮಾಣಿಕ್ಯವೋ, ಗಾರ್ನೆಟ್ಟೋ?

ಮಳೆಮನೆ (ಪ್ರಶ್ನೆ):
ನನ್ನ ಮಗಳು ಹುಟ್ಟಿದ್ದು ಜನವರಿಯಲ್ಲಿ, ತೋಟದಲ್ಲಿ ರೊಬಸ್ಟಾ ಕಾಫಿ ಕೊಯ್ಲು ಜೋರಾಗಿದ್ದಾಗ. ಬರುವ ಜನವರಿಗೆ ಹದಿನೆಂಟು ತುಂಬುತ್ತದೆ. ಜನವರಿಯವರ ಕಲ್ಲು ಗಾರ್ನೆಟ್ ಅಂತ ಅವಳೇ ಎಲ್ಲೋ ಓದಿಕೊಂಡು ಬಂದಳು. ಆಗ ಅಜ್ಜಿಯ ಕೊಕ್ಕೆತಾತಿ, ಅಂದರೆ ಕೊಡವರ ಕೊರಳ ಒಡವೆ, ನೆನಪಾಯಿತು. ಅರ್ಧಚಂದ್ರದ ಪದಕ, ಮೇಲೆ ನಾಗರಹೆಡೆ, ಅಂಚಿಗೆ ಸಣ್ಣ ಮುತ್ತು, ನಡುವೆ ಕೆಂಪು ಹರಳು. ಅಜ್ಜಿ ಅದನ್ನು ಬರೀ "ಕೆಂಪು" ಅನ್ನುತ್ತಿದ್ದರು. ಯಾವ ಕಲ್ಲು ಅಂತ ನಾವು ಕೇಳಲೇ ಇಲ್ಲ.

ಒಂದು ವಿಡಿಯೋ ನೋಡಿ ಅದನ್ನು ಬಿಸಿ ಸೋಪು ನೀರಿನಲ್ಲಿ ಅರ್ಧ ಗಂಟೆ ನೆನೆಸಿಟ್ಟೆ. ಈಗ ಎರಡು ಹರಳು ಕಪ್ಪಗಾಗಿವೆ. ಒಂದರೊಳಗೆ ನೀರಿನ ಕಲೆ ಕಾಣುತ್ತಿದೆ. ಎರಡು ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ. ಕಲ್ಲು ಹಾಳಾಯಿತಾ? ಊರಿನಲ್ಲಿ ಒಬ್ಬರು "ಕಾಡಿನ ಹರಳು ಕಲ್ಲು ಕಡಿಮೆಗೆ ತರಿಸಿಕೊಡುತ್ತೇನೆ, ಬದಲಾಯಿಸಿ" ಅನ್ನುತ್ತಿದ್ದಾರೆ. ತೆಗೆದುಕೊಳ್ಳಬಹುದಾ?

ಅರಗುಮಣಿ:
ಅಕ್ಕ, ಗಾಬರಿಯಾಗಬೇಡಿ. ನಮ್ಮ ಮನೆಯವರು ವಿರಾಜಪೇಟೆಯಲ್ಲಿ ಮೂರು ತಲೆಮಾರಿನಿಂದ ಚಿನ್ನದ ಕೆಲಸ ಮಾಡುತ್ತಿದ್ದಾರೆ. ಹೀಗೆ ಒದ್ದೆಯಾದ ಒಡವೆ ತುಂಬ ಬರುತ್ತವೆ. ಹೆಚ್ಚಿನ ಸಲ ಕಲ್ಲಿಗೆ ಏನೂ ಆಗಿರುವುದಿಲ್ಲ.

ಹಳೆಯ ಕೊಡವ ಒಡವೆಯಲ್ಲಿ ಹರಳಿನ ಹಿಂಬದಿ ಮುಚ್ಚಿರುತ್ತದೆ. ಕಲ್ಲಿನ ಕೆಳಗೆ ಹೊಳೆಯುವ ತೆಳು ಹಾಳೆ ಇಟ್ಟಿರುತ್ತಾರೆ. ನಾವು ನೋಡುವ ಹೊಳಪಿನಲ್ಲಿ ಅರ್ಧ ಆ ಹಾಳೆಯದ್ದೇ. ನೀರು ಒಳಗೆ ಹೋದರೆ ಹಾಳೆ ಕಪ್ಪಾಗುತ್ತದೆ, ಕಲ್ಲೂ ಕಪ್ಪಾಗಿ ಕಾಣುತ್ತದೆ. ಚಿನ್ನದೊಳಗೆ ಅರಗು ತುಂಬಿದ್ದರೆ ಬಿಸಿಗೆ ಅದೂ ಮೆತ್ತಗಾಗುತ್ತದೆ. ಜೋಮಾಲೆ ಅನ್ನುವ ಚಿನ್ನದ ಗುಂಡಿನ ಸರ ಇದ್ದರೆ, ಅದರ ಗುಂಡುಗಳೊಳಗೂ ಅರಗೇ ಇರುವುದು. ಅದನ್ನಂತೂ ಬಿಸಿನೀರಿಗೆ ಹಾಕಲೇಬೇಡಿ. ವಿಡಿಯೋದಲ್ಲಿ ಹೇಳಿದ್ದು ಹಿಂಬದಿ ತೆರೆದಿರುವ ಈಗಿನ ಉಂಗುರಕ್ಕೆ ಸರಿ. ಬೆಚ್ಚಗಿನ ನೀರು, ಒಂದು ಹನಿ ಸೋಪು, ಮೆತ್ತಗಿನ ಬ್ರಷ್, ಅಷ್ಟೇ. ಅಜ್ಜಿಯ ಒಡವೆಗೆ ಒಣ ಹತ್ತಿ ಬಟ್ಟೆ ಸಾಕು.

ನೆರಳಿನಲ್ಲಿ ಒಣಗಲು ಬಿಡಿ. ಬಿಸಿಲಿಗೆ, ಹೇರ್ ಡ್ರೈಯರ್‌ಗೆ ಹಿಡಿಯಬೇಡಿ. ಹಾಳೆ ಬದಲಾಯಿಸಿ ಅದೇ ಕಲ್ಲನ್ನು ಕೂರಿಸುವವರು ಇನ್ನೂ ಇದ್ದಾರೆ. ಕೊಡುವ ಮೊದಲು ಹರಳು ಎಣಿಸಿ, ಹತ್ತಿರದಿಂದ ಫೋಟೋ ತೆಗೆದಿಟ್ಟುಕೊಳ್ಳಿ.

ಕಲ್ಲುದಾರಿ:
ನಾನು ಮಡಿಕೇರಿಯಲ್ಲಿ ಭೂವಿಜ್ಞಾನ ಪಾಠ ಮಾಡುತ್ತಿದ್ದೆ. ಯಾವ ಕಲ್ಲು ಅಂತ ನೋಡದೆ ಹೇಳಲು ಆಗುವುದಿಲ್ಲ. ಆದರೂ ಮನೆಯಲ್ಲೇ ಒಂದು ಕೆಲಸ ಮಾಡಬಹುದು. ಕತ್ತಲೆಯಲ್ಲಿ ನೋಟು ಪರೀಕ್ಷಿಸುವ ಯುವಿ ಟಾರ್ಚ್ ಹಿಡಿಯಿರಿ. ಗಾರ್ನೆಟ್ ಸತ್ತ ಕೆಂಡದ ಹಾಗೆ ಸುಮ್ಮನಿರುತ್ತದೆ, ಅದರಲ್ಲಿ ಕಬ್ಬಿಣ ಇದೆ. ಮಾಣಿಕ್ಯ ಸಾಮಾನ್ಯವಾಗಿ ಕೆಂಪಗೆ ಬೆಳಗುತ್ತದೆ, ಅದು ಕ್ರೋಮಿಯಂನಿಂದ. ಆದರೆ ಕುಲುಮೆಯಲ್ಲಿ ಮಾಡಿದ ಮಾಣಿಕ್ಯ ಇನ್ನೂ ಜಾಸ್ತಿ ಬೆಳಗುತ್ತದೆ. ಅಂಥ ಕಲ್ಲು 1900ರ ನಂತರ ಪೇಟೆಗೆ ಬಂದಿದೆ. ಹಾಗಾಗಿ ಬೆಳಗಿತು ಅಂತ ಮಾಣಿಕ್ಯದ ಬೆಲೆ ಕಟ್ಟಬೇಡಿ. ಹರಳು ಬಿಚ್ಚಿದಾಗ ರತ್ನ ಪರೀಕ್ಷಕರಿಗೆ ತೋರಿಸುವುದು ಒಳ್ಳೆಯದು. ಗೀರಿ ಮಾತ್ರ ನೋಡಬೇಡಿ. ಹತ್ತರವರೆಗಿನ ಮೋಸ್ ಅಳತೆಯಲ್ಲಿ ಗಾರ್ನೆಟ್ ಗಡಸುತನ 6.5ರಿಂದ 7.5, ಮಾಣಿಕ್ಯದ್ದು 9. ಮಣ್ಣಿನ ಧೂಳಿನಲ್ಲಿರುವ ಸ್ಫಟಿಕದ ಪುಡಿಯೇ 7. ಧೂಳು ಕೂತಿರುವಾಗ ಒತ್ತಿ ಒರೆಸಿದರೂ ಗಾರ್ನೆಟ್ ಗೀರಬಹುದು.

ತಿಂಗಳಿಗೊಂದು ಕಲ್ಲು ಅನ್ನುವ ಈಗಿನ ಪಟ್ಟಿ 1912ರಲ್ಲಿ ಅಮೆರಿಕದ ಒಡವೆ ವ್ಯಾಪಾರಿಗಳು ಗೊತ್ತುಮಾಡಿದ್ದು. ನಂಬಿಕೆ ಅದಕ್ಕಿಂತ ಹಳೆಯದು. ದಾಳಿಂಬೆ ಬೀಜದ ಹಾಗಿದೆ ಅಂತ ಲ್ಯಾಟಿನ್‌ನಿಂದ ಗಾರ್ನೆಟ್ ಅನ್ನುವ ಹೆಸರು ಬಂತು. ದಾರಿಯಲ್ಲಿ ಕಾಯುತ್ತದೆ ಅಂತ ಪ್ರಯಾಣಿಕರು ಇಟ್ಟುಕೊಳ್ಳುತ್ತಿದ್ದರು.

ಕಾಡಿನ ಕಲ್ಲು ದಯವಿಟ್ಟು ಬೇಡ. ಪುಷ್ಪಗಿರಿ ಕಡೆಯ ಮೀಸಲು ಅರಣ್ಯದಲ್ಲಿ ಹರಳು ಕಲ್ಲಿಗೆ ಗುಂಡಿ ತೋಡುವ ಹಾವಳಿ ವರ್ಷಗಳಿಂದ ಇದೆ. ಅದು ಅಪರಾಧ. 2018ರ ಮಳೆಯಲ್ಲಿ ನಮ್ಮ ಗುಡ್ಡಗಳು ಹೇಗೆ ಜಾರಿದವು ಅಂತ ನಾವೇ ನೋಡಿದ್ದೇವೆ. ಅಂಥ ಗುಡ್ಡದ ಹೊಟ್ಟೆ ಬಗೆದು ತಂದ ಕಲ್ಲು ಮಗುವಿನ ಕೊರಳಿಗೆ ಯಾಕೆ?

ಕಿತ್ತಳೆತೋಟ:
ನಮ್ಮ ಕಡೆಯವರಿಗೆ ತಿಂಗಳಿಗಿಂತ ನವರತ್ನದ ಲೆಕ್ಕವೇ ಹತ್ತಿರ ಅಲ್ವಾ? ರಾಹುವಿಗೆ ಹೇಳುವ ಗೋಮೇಧಿಕವೂ ಗಾರ್ನೆಟ್ ಜಾತಿಯದ್ದೇ, ಜೇನಿನ ಬಣ್ಣದ್ದು. ಒಂದು ಮಾತು: ಮಳೆಗಾಲದಲ್ಲಿ ಬೀರುವಿನ ಒಳಗೂ ತೇವ ಇರುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಮುತ್ತಿಗೆ ತಾಗದ ಹಾಗೆ ಬಟ್ಟೆ ಸುತ್ತಿ.

ಮಳೆಮನೆ:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಕಾಡಿನ ಕಲ್ಲು ಬೇಡ ಅಂತ ಅವತ್ತೇ ಹೇಳಿಬಿಟ್ಟೆ. ನಿನ್ನೆ ವಿರಾಜಪೇಟೆಗೆ ಹೋಗಿದ್ದೆ. ಅಕ್ಕಸಾಲಿಗರು ನನ್ನೆದುರೇ ಒಂದು ಹರಳು ಬಿಚ್ಚಿದರು. ಕೆಳಗಿನ ಹಾಳೆ ಮಸಿಯಾಗಿತ್ತು. ಕಲ್ಲನ್ನು ಒರೆಸಿ ಕಿಟಕಿಯ ಬೆಳಕಿಗೆ ಹಿಡಿದರು. ಸ್ವಲ್ಪ ನೇರಳೆ ಬೆರೆತ ಕೆಂಪು, ಏನೂ ಆಗಿಲ್ಲ. ಟಾರ್ಚ್ ಹಾಕಿದರೆ ಬೆಳಗಲಿಲ್ಲ. ಅವರ ಕಣ್ಣಿಗೂ ಗಾರ್ನೆಟ್ಟೇ ಅನ್ನಿಸಿತಂತೆ. ಉಳಿದವು ಬಿಚ್ಚಿದ ಮೇಲೆ ಪರೀಕ್ಷೆಗೆ ಕಳಿಸುತ್ತಾರೆ. ಮಗಳಿಗೆ ಇನ್ನೂ ಹೇಳಿಲ್ಲ. ಹನ್ನೊಂದು ಹರಳು, ಎಣಿಸಿ ಬರೆದಿಟ್ಟುಕೊಂಡಿದ್ದೇನೆ.