ಸಹಾಯ ಬೇಕು: ಗೇರು ಬುಡದಿಂದ ಹುಡಿ ಬೀಳ್ತಿದೆ, ಮಾವಿನ ಹೂ ಕಪ್ಪಾಗ್ತಿದೆ

ಎಲ್ರಿಗೂ ನಮಸ್ಕಾರ. ನಮ್ದು ಅಂಕೋಲಾ ಹತ್ರ, ಮನೆ ಹಿಂದಿನ ಬೇಣದಲ್ಲಿ ಅಪ್ಪ ನೆಟ್ಟ 40 ಗೇರು ಮರ, 6 ಕರಿ ಈಶಾಡು ಮಾವು ಇದೆ.

ಗೇರಿಗೆ ಟೀ ಸೊಳ್ಳೆ (ಚಿಗುರು, ಹೂವಿನ ರಸ ಹೀರೋ ಕೀಟ) ಕಾಟ ಪ್ರತಿ ವರ್ಷ ಇದ್ದದ್ದೇ, ಚಿಗುರು ಬರುವಾಗ, ಹೂ ಬರುವಾಗ, ಕಾಯಿ ಕಚ್ಚುವಾಗ ಅಂತ 3 ಸಲ ಸ್ಪ್ರೇ ಮಾಡ್ಬೇಕು ಅಂತ ಗೊತ್ತು, ಅದಲ್ಲ ಈಗಿನ ಚಿಂತೆ. 3 ಮರದ ಬುಡದಲ್ಲಿ ಗರಗಸದ ಹುಡಿ ಥರ ಬಿದ್ದಿದೆ, ಅಂಟು ಸೋರ್ತಿದೆ, ನಿನ್ನೆ ಕತ್ತಿಯಿಂದ ತೊಗಟೆ ಕೆತ್ತಿ ನೋಡಿದ್ರೆ ಒಳಗೆ ಬೆರಳುದ್ದದ ಬಿಳಿ ಹುಳ, ತೊಗಟೆ ಕೆಳಗೆಲ್ಲ ಸುರಂಗ. 4 ಹುಳ ತೆಗೆದು ಸಾಯಿಸಿದೆ. ಒಂದು ಮರದ ಎಲೆ ಪೂರ್ತಿ ಹಳದಿ ಆಗಿದೆ, ಅದನ್ನ ಉಳಿಸ್ಕೊಳ್ಳೋಕೆ ಆಗ್ತದಾ ಅಥವಾ ಬೇರೆ ಮರಕ್ಕೆ ಹರಡೋ ಮೊದ್ಲು ಬುಡಸಮೇತ ಕಿತ್ತು ಸುಡೋದೇ ಒಳ್ಳೇದಾ? ಅಪ್ಪನ ಕೈಯ ಮರ, ಕಡಿಯೋಕೆ ಮನಸ್ಸೇ ಬರೂದಿಲ್ಲ.

ಮಾವಿಗೆ ಜಿಗಿಹುಳ. ಕೊಂಬೆ ಅಲ್ಲಾಡಿಸಿದ್ರೆ ಮಳೆ ಬಿದ್ದ ಹಾಗೆ ಚಟಪಟ ಸದ್ದು, ಎಲೆ ಮುಟ್ಟಿದ್ರೆ ಅಂಟಂಟು, ಮೇಲೆ ಕಪ್ಪು ಬೂಷ್ಟು. 2023ರಲ್ಲಿ ನಮ್ಮ ಈಶಾಡಿಗೆ ಜಿಐ ಟ್ಯಾಗ್ (ಈ ಊರಿನದ್ದೇ ವಿಶೇಷ ಬೆಳೆ ಅನ್ನೋ ಸರ್ಕಾರಿ ಗುರುತು) ಸಿಕ್ಕಿದಾಗ ಎಷ್ಟು ಖುಷಿಪಟ್ಟಿದ್ವಿ, ಈಗ ಹೂವೇ ನಿಲ್ತಿಲ್ಲ. ಅಂಗಡಿಯವ್ರು ಕೊಟ್ಟ ಔಷಧಿ ಮನೇಲೇ ಇದೆ, ಆದ್ರೆ ಪಕ್ಕದಲ್ಲೇ 2 ಜೇನು ಪೆಟ್ಟಿಗೆ ಇಟ್ಟಿದ್ದೇನೆ, ಹೂ ಅರಳಿದಾಗ ಹೊಡೆದ್ರೆ ಜೇನು ಸಾಯ್ತವೆ ಅಂತ ಹೊಡೆದಿಲ್ಲ. ಬೇವಿನೆಣ್ಣೆ ಹೊಡೆದು ಹತೋಟಿಗೆ ತಂದವ್ರು ಯಾರಾದ್ರೂ ಇದ್ರೆ ಎಷ್ಟು ಪ್ರಮಾಣ, ಯಾವ ಹೊತ್ತಲ್ಲಿ ಅಂತ ದಯವಿಟ್ಟು ಹೇಳಿ. ಕುಮಟಾ, ಹೊನ್ನಾವರ ಕಡೆ ಗೇರು ಬೆಳೆಯೋರು ನೋಡಿದ್ರೆ ಬೇಗ ಉತ್ತರ ಕೊಡಿ.