ದಿ ಪಬ್ಲಿಕ್ ಎನಿಮಿ: ಚಿತ್ರ ಬರುತ್ತಿದೆ, ದನಿ ಇಲ್ಲ

ರೀಲುಪ್ರಿಯ: ತಲೆ ಕೆಟ್ಟುಹೋಗಿದೆ. ವಿಲಿಯಂ ವೆಲ್ಮನ್ 1931ರಲ್ಲಿ ಮಾಡಿದ ಚಿತ್ರ, ಅಕ್ಕ ನ್ಯೂಜೆರ್ಸಿಯಿಂದ ಡಿಸ್ಕ್ ತಂದುಕೊಟ್ಟಳು. ಚಿತ್ರ ಚೆನ್ನಾಗಿ ಓಡುತ್ತದೆ, ದನಿ ಮಾತ್ರ ಸೊನ್ನೆ. ಹಾಡಿನ ಸಿಡಿ ಹಾಕಿದರೆ ಸರಿಯಾಗಿ ಕೇಳುತ್ತದೆ. ವೈರೆಲ್ಲ ಬಿಗಿಯಾಗಿದೆ. ಏನು ಮಾಡಲಿ?

ಧಾರವಾಡ ಡೆಕ್: ಅಮೆರಿಕದ ಡಿಸ್ಕ್ ಅಲ್ವಾ? ರೀಜನ್ ಕೋಡ್ ತೊಂದರೆ, ಅಂದರೆ ಡಿಸ್ಕ್ ಯಾವ ದೇಶದ ಪ್ಲೇಯರ್‌ನಲ್ಲಿ ಓಡಬೇಕು ಅನ್ನುವ ಗುರುತು. ಅಲ್ಲಿನ ಡಿವಿಡಿ 1, ನಮ್ಮದು 5. ಪ್ಲೇಯರ್ ಅನ್‌ಲಾಕ್ ಮಾಡಿಸಿ.

ಹಳೇ ಟೇಪು: ರೀಜನ್ ಹೊಂದದಿದ್ದರೆ ಡಿಸ್ಕ್ ಓಡುವುದೇ ಇಲ್ಲ ಸಾರ್. ಇವರಿಗೆ ಚಿತ್ರ ಬರುತ್ತಿದೆಯಲ್ಲ. ರೀಲುಪ್ರಿಯ ಅವರೇ, ಡಿವಿಡಿನಾ ಬ್ಲೂರೇನಾ? ದನಿ ಟಿವಿಯಿಂದಲಾ, ಅಥವಾ ದನಿಯನ್ನು ಸ್ಪೀಕರ್‌ಗಳಿಗೆ ಹಂಚುವ ರಿಸೀವರ್ ಇದೆಯಾ?

ಧಾರವಾಡ ಡೆಕ್: ಬ್ಲೂರೇ ಆದರೂ ಅದೇ ಕತೆ. ಅಮೆರಿಕಕ್ಕೆ ಎ, ಭಾರತಕ್ಕೆ ಸಿ. ಮೊದಲು ಅದನ್ನು ನೋಡಿ, ಆಮೇಲೆ ಉಳಿದದ್ದು.

ಕುಡ್ಲ ಪ್ರೊಜೆಕ್ಟರ್: ಆ ಕಾಲದ ದನಿಯೇ ಅಷ್ಟು. ಈ ಚಿತ್ರ ಮಾಡಿದ ಕಂಪನಿ ವಾರ್ನರ್‌ನವರು ದನಿಯನ್ನು ಬೇರೆ ತಟ್ಟೆಯಲ್ಲಿಟ್ಟು ಫಿಲ್ಮಿನ ಜೊತೆ ತಿರುಗಿಸುತ್ತಿದ್ದರು.

ಹಳೇ ಟೇಪು: ಅದು 1927ರ 'ದಿ ಜಾಝ್ ಸಿಂಗರ್' ಕಾಲದ್ದು. 1931ರ ಹೊತ್ತಿಗೆ ಹಾಲಿವುಡ್ ಫಿಲ್ಮಿನ ಅಂಚಿನಲ್ಲೇ ದನಿ ಮೂಡಿಸುವ ಕಡೆ ತಿರುಗಿತ್ತು. ಮೇಲಾಗಿ ಇವರಿಗೆ ದನಿ ಕಡಿಮೆ ಅಲ್ಲ, ಇಲ್ಲವೇ ಇಲ್ಲ.

ಕುಡ್ಲ ಪ್ರೊಜೆಕ್ಟರ್: ಇರಬಹುದು. ನನ್ನದು 120 ಇಂಚಿನ ಪರದೆ, ಗೋಡೆಗೆ ಕಪ್ಪು ಬಣ್ಣ ಹೊಡೆಸಿದ್ದೇನೆ. ಇಂಥ ಚಿತ್ರಗಳನ್ನು ಎಳೆದು ಅಗಲ ಮಾಡಿ ನೋಡುತ್ತೇನೆ, ಪರದೆ ಪೂರ್ತಿ ತುಂಬುತ್ತದೆ.

ಹಳೇ ಟೇಪು: ದಯವಿಟ್ಟು ಎಳೆಯಬೇಡಿ. ಆಗಿನ ಚೌಕಟ್ಟಿನ ಅಗಲವೇ ಕಡಿಮೆ. ಅಕ್ಕಪಕ್ಕ ಕಪ್ಪು ಪಟ್ಟಿ ಇದ್ದರೇನೇ ನಾಯಕ ಜೇಮ್ಸ್ ಕ್ಯಾಗ್ನಿ ಮುಖ ಕ್ಯಾಗ್ನಿ ಮುಖದ ಹಾಗಿರುತ್ತದೆ.

ರೀಲುಪ್ರಿಯ: ನನ್ನ ದನಿ ವಿಷಯಕ್ಕೆ ಬನ್ನಿ! ಬ್ಲೂರೇ. ರಿಸೀವರ್ ಇದೆ, ಡೈರೆಕ್ಟ್ ಮೋಡ್, ಅಂದರೆ ಬಂದ ದನಿಯನ್ನು ಬದಲಿಸದೆ ಕಳಿಸುವುದು. ಎರಡು ದೊಡ್ಡ ಸ್ಪೀಕರ್. ಮನೆ ಬದಲಿಸಿದ ಮೇಲೆ ನಡುವಿನ ಸ್ಪೀಕರ್ ಹಾಕಿಲ್ಲ, ನಾನು ಹಾಡು ಕೇಳುವುದೇ ಜಾಸ್ತಿ.

ಹಳೇ ಟೇಪು: ಸಿಕ್ಕಿತು. ಹಳೇ ಚಿತ್ರದ ದನಿ ಮೋನೋ, ಎಡಬಲ ಅಂತ ಬೇರೆ ಇಲ್ಲ. ಎಷ್ಟೋ ಡಿಸ್ಕ್‌ಗಳಲ್ಲಿ ಅದು ಒಂದೇ ಚಾನೆಲ್ ಆಗಿ ಬರುತ್ತದೆ. ಆ ಚಾನೆಲ್ ಹೋಗುವುದು ಸೆಂಟರ್, ಅಂದರೆ ನಡುವಿನ ಸ್ಪೀಕರ್‌ಗೆ. ಸೆಂಟರ್ ಇದೆ ಅಂತಲೇ ರಿಸೀವರ್ ಅಂದುಕೊಂಡಿದೆ, ಇಲ್ಲದ ಸ್ಪೀಕರ್‌ಗೆ ದನಿ ಕಳಿಸುತ್ತಿದೆ. ಸಿಡಿ ಸ್ಟೀರಿಯೋ, ಅದಕ್ಕೇ ಎಡಬಲದಲ್ಲಿ ಕೇಳುತ್ತದೆ. ಡಿಸ್ಪ್ಲೇಯಲ್ಲಿ 1.0 ಅಥವಾ ಮೋನೋ ಅಂತ ಬರುತ್ತಾ ನೋಡಿ. ಸ್ಪೀಕರ್ ಸೆಟಪ್‌ಗೆ ಹೋಗಿ ಸೆಂಟರ್ 'None' (ಇಲ್ಲ) ಮಾಡಿ.

ಧಾರವಾಡ ಡೆಕ್: ರೀಜನ್ ಕೂಡ ಒಮ್ಮೆ ಚೆಕ್ ಮಾಡಿ.

ರೀಲುಪ್ರಿಯ: ಬಂತು! 1.0 ಅಂತಲೇ ತೋರಿಸುತ್ತಿತ್ತು. ಸೆಂಟರ್ ತೆಗೆದ ತಕ್ಷಣ ಎರಡೂ ಸ್ಪೀಕರ್‌ನಲ್ಲಿ ಮಾತು ಕೇಳಿತು. 'ಪಟ್ಟಿ ನೋಸ್' (Putty Nose) ಅನ್ನುವ ಪಾತ್ರ ಪಿಯಾನೋ ಮುಂದೆ ಕೂತು ಹಾಡುವಾಗ ಕ್ಯಾಮೆರಾ ಅವನನ್ನು ಬಿಟ್ಟು ಆಚೆ ಸರಿಯುತ್ತದಲ್ಲ, ಕೊಲೆ ಆದದ್ದು ನಮಗೆ ಕಿವಿಯಿಂದಲೇ ಗೊತ್ತಾಗುತ್ತದೆ. ಮಳೆಯಲ್ಲಿ ಕ್ಯಾಗ್ನಿ ಒಳಗೆ ನುಗ್ಗುವಾಗಲೂ ಅಷ್ಟೇ, ಗುಂಡಿನ ಸದ್ದು ಮಾತ್ರ. ದನಿ ಇಲ್ಲದೆ ಈ ಚಿತ್ರ ಅರ್ಧಕ್ಕರ್ಧ ಇಲ್ಲ.

ಬೆಣ್ಣೆನಗರಿ: ನನಗೂ ಇದೇ ತೊಂದರೆ, ಆದರೆ ನನ್ನದು ಸೌಂಡ್‌ಬಾರ್. 1932ರ 'ಸ್ಕಾರ್‌ಫೇಸ್'. ಮಾತು ಕೇಳುತ್ತದೆ, ತುಂಬಾ ಸಣ್ಣಗೆ.

ಹಳೇ ಟೇಪು: ಅದು ಬೇರೆ ರೋಗ. ಮಾಡೆಲ್ ನಂಬರ್ ಹಾಕಿ, ಪ್ಲೇಯರ್‌ನಿಂದ ಯಾವ ಕೇಬಲ್ ಹೋಗಿದೆ ಹೇಳಿ, ಬೇರೆ ಚರ್ಚೆ ತೆರೆಯಿರಿ. ಅಲ್ಲಿಗೆ ಬರುತ್ತೇನೆ.